ಗಾಲಿ ಮುರಿದು ಜಾರಿತೋ, ಜಾರಿ ಗಾಲಿ ಮುರಿಯಿತೋ?

ಗದಗಿನ ಮಾಸ್ತರರೇ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ಆಸ್ಟ್ರೇಲಿಯಾದಲ್ಲಿ ಸಣ್ಣ ವಿಮಾನವೊಂದು ಗಾಲಿ ಹೊರಗೆ ಬರದೆ ಹೊಟ್ಟೆಯ ಮೇಲೆ ಇಳಿದ ವಿಡಿಯೋ ನೋಡಿದ್ದೀರಿ. ಕೆಟ್ಟ ವಿಮಾನವನ್ನು ಕೂಡಲೇ ಇಳಿಸದೆ ಅಷ್ಟು ಹೊತ್ತು ಯಾಕೆ ಸುತ್ತಿಸಿದರು ಎಂದು ಕೇಳಿದ್ದೀರಿ. 2015ರಲ್ಲಿ ಹುಬ್ಬಳ್ಳಿಯಲ್ಲಿ ಆದದ್ದೂ ಇದೇ ಯಂತ್ರದೋಷ ಅಲ್ವಾ ಎಂದಿದ್ದೀರಿ. ಈಗ ಮಗಳು ಹುಬ್ಬಳ್ಳಿಯಿಂದ ಟಿಕೆಟ್ ತೆಗೆಸಿದ್ದಾಳೆ. ‘ಫ್ಯಾನ್ ಇರೋ ವಿಮಾನ’ ಹತ್ತಲು ನಿಮ್ಮ ಮನೆಯವರು ಒಪ್ಪುತ್ತಿಲ್ಲ.

ಆಸ್ಟ್ರೇಲಿಯಾದ್ದು 2024ರ ಮೇ 13ರ ಘಟನೆ. ಊರು ನ್ಯೂಕಾಸಲ್, ವಿಮಾನ ಬೀಚ್‌ಕ್ರಾಫ್ಟ್ ಕಿಂಗ್ ಏರ್, ಒಳಗೆ ಮೂರು ಜನ. ಸುಮಾರು ಮೂರು ತಾಸು ಸುತ್ತಿ ಇಳಿಯಿತು, ಮೂವರೂ ಉಳಿದರು. ಆ ಮೂರು ತಾಸು ಸುಮ್ನೆ ಹೋಗಲಿಲ್ಲ. ಇಂಥ ಸಣ್ಣ ವಿಮಾನಗಳಲ್ಲಿ ಇಂಧನವನ್ನು ಗಾಳಿಗೆ ಸುರಿದುಬಿಡುವ ವ್ಯವಸ್ಥೆ ಇರುವುದಿಲ್ಲ, ಹಾರಿಸಿಯೇ ಖಾಲಿ ಮಾಡಬೇಕು. ಭಾರ ಇಳಿದಷ್ಟೂ ವೇಗ ಕಡಿಮೆ ಇಟ್ಟು ಇಳಿಸಬಹುದು, ಬೆಂಕಿಗೆ ಸಿಗುವ ಇಂಧನವೂ ಕಡಿಮೆ. ಗಾಲಿ ಬರದಿದ್ದಾಗ ಪೈಲಟ್ ಮಾಡುವ ಕೆಲಸಗಳು ಬೇರೆಯೂ ಇರುತ್ತವೆ. ಗಾಲಿ ಇಳಿಸಲು ಕೈಪಂಪು ಹೊಡೆದು ನೋಡಬೇಕು. ವಿಮಾನ ನಿಲ್ದಾಣದ ಟವರ್ ಹತ್ತಿರ ತಗ್ಗಿನಲ್ಲಿ ಹಾರಿ, ಗಾಲಿ ಎಷ್ಟು ಇಳಿದಿದೆ ಎಂದು ಕೆಳಗಿನವರಿಂದ ಕೇಳಿ ತಿಳಿಯಬೇಕು. ಅಷ್ಟರಲ್ಲಿ ಅಗ್ನಿಶಾಮಕದವರು ರನ್‌ವೇ ಪಕ್ಕ ಸಜ್ಜಾಗುತ್ತಾರೆ. ಅವಸರ ಮಾಡಿದ್ದರೆ ಇದಾವುದಕ್ಕೂ ಪುರುಸೊತ್ತು ಸಿಗುತ್ತಿರಲಿಲ್ಲ.

ಹುಬ್ಬಳ್ಳಿಯ ವಿಷಯಕ್ಕೆ ಬರುತ್ತೇನೆ, ಇಲ್ಲಿ ನಿಮ್ಮ ಮಾತು ಒಪ್ಪಲಾರೆ. 2015ರ ಮಾರ್ಚ್ 8ರ ಸಂಜೆ ಬೆಂಗಳೂರಿನಿಂದ ಬಂದ ಬೊಂಬಾರ್ಡಿಯರ್ ಕ್ಯೂ-400 ಎಂಬ ಫ್ಯಾನ್ ವಿಮಾನ ಮಳೆಯಲ್ಲಿ ಇಳಿಯಿತು. ನೆಲ ಮುಟ್ಟಿದ ಮೇಲೆ ರನ್‌ವೇ ಬಿಟ್ಟು ಪಕ್ಕಕ್ಕೆ ಹೋಯಿತು, ಗಾಲಿಯ ಕಾಲು ಕುಸಿಯಿತು. ಒಳಗಿದ್ದವರು 80ರ ಆಸುಪಾಸು, ಯಾರ ಜೀವಕ್ಕೂ ತೊಂದರೆ ಆಗಲಿಲ್ಲ. ಮುರಿದ ಗಾಲಿಯ ಫೋಟೋ ಎಲ್ಲ ಕಡೆ ಬಂತು, ಅದನ್ನು ನೋಡಿದ ಎಲ್ಲರಿಗೂ ಗಾಲಿಯೇ ಅಪರಾಧಿ ಎನಿಸಿತು. ತನಿಖಾ ವರದಿ ಹೇಳಿದ್ದು ಬೇರೆ: ಕೆಟ್ಟ ಹವಾಮಾನದಲ್ಲಿ, ಇಳಿದ ಮೇಲೆ ಪೈಲಟ್‌ಗಳಿಗೆ ಹೊರಗಿನ ಗುರುತುಗಳು ಕಾಣದೇ ಹೋದವು. ಗಾಲಿ ಮುರಿದದ್ದು ಆಮೇಲೆ. ಚಕ್ಕಡಿ ಕಾಲುವೆಗೆ ಬಿದ್ದರೆ, ಗಾಲಿ ಮುರಿದು ಬಿತ್ತೋ, ಬಿದ್ದು ಗಾಲಿ ಮುರಿಯಿತೋ ಎಂದು ಊರವರು ಕೇಳಿಯೇ ಕೇಳುತ್ತಾರೆ. ವಿಮಾನ ಬಿದ್ದಾಗ ಮಾತ್ರ ಹತ್ತು ನಿಮಿಷದಲ್ಲಿ ಟಿವಿಯಲ್ಲಿ ‘ತಾಂತ್ರಿಕ ದೋಷ’ ಎಂದು ಪಟ್ಟಿ ಓಡುತ್ತದೆ. ನನಗಂತೂ ಆ ಪಟ್ಟಿ ಕಂಡರೆ ರೇಗುತ್ತದೆ.

ಹಾಗಂತ ಯಂತ್ರಕ್ಕೆ ಕ್ಲೀನ್ ಚಿಟ್ ಕೊಡುತ್ತಿಲ್ಲ. ಇದೇ ಕ್ಯೂ-400 ಮಾದರಿಯ ವಿಮಾನಗಳು 2007ರಲ್ಲಿ ಸ್ಕ್ಯಾಂಡಿನೇವಿಯಾದ ಒಂದು ಕಂಪನಿಯನ್ನು ಹಣ್ಣು ಮಾಡಿದವು. ಸೆಪ್ಟೆಂಬರ್ 9ಕ್ಕೆ ಡೆನ್ಮಾರ್ಕಿನ ಆಲ್ಬೋರ್ಗ್‌ನಲ್ಲಿ, ಮೂರೇ ದಿನ ಬಿಟ್ಟು ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಇಳಿಯುವಾಗ ಗಾಲಿಯ ಕಾಲು ಕುಸಿಯಿತು. ಗಾಲಿ ಇಳಿಸುವ ದಂಡದ (ಆಕ್ಚುಯೇಟರ್) ತಿರುಪಿನ ಮರೆಗೆ ತುಕ್ಕು ಹಿಡಿದಿತ್ತು. ಅದನ್ನು ಸರಿಮಾಡಿಸಿ ಹಾರಿಸಿದರೆ ಅಕ್ಟೋಬರ್ 27ಕ್ಕೆ ಕೋಪನ್‌ಹೇಗನ್‌ನಲ್ಲಿ ಮತ್ತೊಂದು. ಈ ಸಲ ತುಕ್ಕಲ್ಲ, ಓ-ರಿಂಗ್ ಎಂಬ ಒಂದು ಸಣ್ಣ ಉಂಗುರ ಜಾಗ ಬಿಟ್ಟು ಹೋಗಿ, ಗಾಲಿ ಇಳಿಸುವ ಎಣ್ಣೆ ಒತ್ತಡದಲ್ಲಿ ಹರಿಯುವ (ಹೈಡ್ರಾಲಿಕ್) ದಾರಿಗೆ ಅಡ್ಡ ಕೂತಿತ್ತು. ಮೂರರಲ್ಲೂ ಯಾರೂ ಸಾಯಲಿಲ್ಲ. ಆದರೂ ಕಂಪನಿ ಆ ಮಾದರಿಯನ್ನೇ ಕೈಬಿಟ್ಟಿತು. ಒಂದೇ ಮಾದರಿಯ ವಿಮಾನ, ಒಂದೇ ಕಂಪನಿ, ಎರಡು ತಿಂಗಳೊಳಗೆ ಎರಡು ಬೇರೆ ಬೇರೆ ಕಾರಣ. ಬಿಚ್ಚಿ ನೋಡದೆ ಹೇಳಲು ಬರುವುದಿಲ್ಲ ಎನ್ನುವುದು ಇದಕ್ಕೇ.

2021ರ ಜೂನ್‌ನಲ್ಲಿ ಕಣ್ಣೂರಿನಿಂದ ಬಂದ ಎಟಿಆರ್ ಎಂಬ ಫ್ಯಾನ್ ವಿಮಾನವೊಂದರ ಟೈರ್ ಹುಬ್ಬಳ್ಳಿಯಲ್ಲಿ ಇಳಿಯುವಾಗ ಒಡೆದಿತ್ತು, ನೆನಪಿರಬಹುದು. ಎಲ್ಲರೂ ಕ್ಷೇಮವಾಗಿದ್ದರು.

ಇನ್ನು ನಿಮ್ಮ ಪ್ರಯಾಣ. ಫ್ಯಾನ್ ಇರುವ ವಿಮಾನ ಎಂದರೆ ಹಳೆಯದು, ಅಗ್ಗದ್ದು ಎಂದಲ್ಲ. ಹತ್ತಿರದ ಊರಿಗೆ, ಚಿಕ್ಕ ರನ್‌ವೇಗೆ ಅದೇ ಸರಿ. ಎಟಿಆರ್‌ನಲ್ಲಿ ಹೈಡ್ರಾಲಿಕ್ ಕೈಕೊಟ್ಟರೂ ಹಿಡಿಕೆ ಎಳೆದರೆ ಗಾಲಿ ತನ್ನ ಭಾರಕ್ಕೇ ಕೆಳಗೆ ಬೀಳುತ್ತದೆ. ಹೋಗಿ ಬನ್ನಿ, ಮನೆಯವರನ್ನೂ ಕರೆದುಕೊಂಡು ಹೋಗಿ. ವಿಮಾನ ಪೂರ್ತಿ ನಿಲ್ಲುವ ತನಕ ಬೆಲ್ಟ್ ಬಿಚ್ಚಬೇಡಿ. ಅರ್ಧ ಬಾಗಿಲುಗಳಷ್ಟೇ ತೆರೆದರೂ ತುಂಬಿದ ವಿಮಾನ 90 ಸೆಕೆಂಡಿನಲ್ಲಿ ಖಾಲಿಯಾಗಬೇಕು ಎಂಬುದು ನಿಯಮ. ಆ ಲೆಕ್ಕದಲ್ಲಿ ಮೇಲಿನ ಬ್ಯಾಗು ಇಳಿಸುವ ಹೊತ್ತು ಸೇರಿಲ್ಲ. ಹಾಗೇನಾದರೂ ಆದರೆ ಮಗಳಿಗೆ ಒಯ್ಯುವ ರೊಟ್ಟಿ, ಶೇಂಗಾ ಚಟ್ನಿಯ ಚೀಲ ಅಲ್ಲೇ ಇರಲಿ ಎಂದು ಮನೆಯವರಿಗೆ ಈಗಲೇ ಹೇಳಿಡಿ.

— ಸಂಪಾದಕ