ಸಣ್ಣ ಕೋಲು, ದೊಡ್ಡ ಕೋಲು

ಸಿಂಗಪುರದಲ್ಲಿ ನನ್ನ ಹತ್ತಿರ ಆಪ್ತಸಲಹೆಗೆ ಬರುವವರಲ್ಲಿ ಚೀನಿ ಮನೆತನದವರೇ ಜಾಸ್ತಿ. ಅದರಲ್ಲೂ ಐವತ್ತು ದಾಟಿದವರು, ವಯಸ್ಸಾದ ಅಪ್ಪನನ್ನೋ ಅಮ್ಮನನ್ನೋ ನೋಡಿಕೊಂಡು ಸೋತುಹೋದವರು, ಒಂದೇ ಮಾತನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತಾರೆ: "ಅವರಿಗೆ ಇಲ್ಲ ಅನ್ನೋಕೆ ಆಗಲ್ಲ. ಅಂದರೆ ಶಿಯಾವ್ ತಪ್ಪಿದ ಹಾಗೆ." ಈ ಮಾತು ಇಷ್ಟು ಸಲ ಕಿವಿಗೆ ಬಿದ್ದಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಕಥೆ ಒಬ್ಬರದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಅವರು ನನಗಿಂತ ದೊಡ್ಡವರು, ಅವರ ಕಷ್ಟವೂ ತಮ್ಮನ ದೆಸೆಯಿಂದ ಬಂದದ್ದು. ಹಾಗಾಗಿ ಇಲ್ಲಿ ಅಕ್ಕ ಎಂದೇ ಕರೆಯುತ್ತೇನೆ.

ಶಿಯಾವ್ ಅನ್ನುವುದಕ್ಕೆ ಕನ್ನಡದಲ್ಲಿ ಒಂದೇ ಪದ ಸಾಲುವುದಿಲ್ಲ. ಹೆತ್ತವರ ಮೇಲಿನ ಭಕ್ತಿ, ಅವರ ಋಣ, ಮುಪ್ಪಿನಲ್ಲಿ ಸೇವೆ, ಸತ್ತ ಮೇಲೆ ನಡೆಸುವ ಪೂಜೆ, ಎಲ್ಲ ಅದರಲ್ಲಿ ಸೇರಿದೆ. ಕ್ರಿಸ್ತಪೂರ್ವ 551ರಿಂದ 479ರವರೆಗೆ ಬದುಕಿದ್ದ ಚೀನಾದ ತತ್ವಜ್ಞಾನಿ ಕನ್ಫ್ಯೂಷಿಯಸ್‌ನ ವಿಚಾರದಲ್ಲಿ ಎಲ್ಲಕ್ಕಿಂತ ದೊಡ್ಡ ಗುಣ ರೆನ್. ಮನುಷ್ಯನಿಗೆ ಮನುಷ್ಯನ ಮೇಲೆ ಇರಬೇಕಾದ ಅಂತಃಕರಣ ಅದು. ಆ ಮರದ ಬೇರೇ ಶಿಯಾವ್ ಎಂದು ಅವನ ಶಿಷ್ಯನೊಬ್ಬ ಹೇಳಿದ್ದಾನೆ. ಸಿಂಗಪುರದಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ತಮ್ಮನ್ನು ತಾವು ಸಾಕಿಕೊಳ್ಳಲಾಗದ, 60 ದಾಟಿದ ತಂದೆ ತಾಯಿ ಮಕ್ಕಳಿಂದ ಜೀವನಾಂಶ ಕೇಳಬಹುದು ಅಂತ 1995ರಲ್ಲಿ ಇಲ್ಲಿ ಕಾನೂನೇ ಆಗಿದೆ.

ಅಕ್ಕನಿಗೆ 55. ಮದುವೆಯಾಗಿಲ್ಲ. ಒಂದು ಕಂಪನಿಯಲ್ಲಿ ಲೆಕ್ಕಪತ್ರದ ಕೆಲಸ. ಸರ್ಕಾರ ಕಟ್ಟಿಸಿದ ಫ್ಲ್ಯಾಟಿನಲ್ಲಿ 80ರ ತಾಯಿಯ ಜೊತೆ ಇದ್ದಾರೆ. ಆ ತಾಯಿ ಇವರನ್ನು ಇವತ್ತಿಗೂ 'ಗರ್ಲ್' ಅಂತಲೇ ಕರೆಯುತ್ತಾರಂತೆ. ತಮ್ಮನಿಗೆ ಸಾಲದ ಮೇಲೆ ಸಾಲ. ಅವನು ತಾಯಿಯ ಮುಂದೆ ಅಳುತ್ತಾನೆ, ತಾಯಿ ಮಗಳ ಮುಂದೆ ಅಳುತ್ತಾರೆ, ಮಗಳು ಹಣ ಕಳಿಸುತ್ತಾರೆ. ಐದು ವರ್ಷದಿಂದ ಇದೇ ನಡೆದಿತ್ತು. ರಾತ್ರಿಯೆಲ್ಲ ಹಲ್ಲು ಕಡಿದು ಕಡಿದು ಅಕ್ಕನ ದವಡೆ ಹಲ್ಲು ಸೀಳಿತ್ತು. ನನ್ನ ಹತ್ತಿರ ಕಳಿಸಿದ್ದು ಅವರ ಹಲ್ಲಿನ ಡಾಕ್ಟರು.

ಮೊದಲ ಐದು ಭೇಟಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ. ಆರನೆಯ ಸಲ ಬಂದಾಗ ಬ್ಯಾಗಿನಿಂದ ಒಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. ತಮ್ಮನಿಗೋಸ್ಕರ ಅಕ್ಕ ತಮ್ಮದೇ ಹೆಸರಿನಲ್ಲಿ ತೆಗೆಯಬೇಕಾಗಿದ್ದ 60,000 ಡಾಲರ್ ಸಾಲದ ಅರ್ಜಿ. ಎಲ್ಲ ತುಂಬಿಯಾಗಿತ್ತು. ಸಹಿಯ ಜಾಗ ಮಾತ್ರ ಖಾಲಿ.

"ನಾಳೆ ಕೊಡಬೇಕು" ಅಂದರು. "ಅಮ್ಮ ಕೇಳಿದ್ದಾರೆ."

ನಾನು ಸಾಲದ ವಿಷಯ ಎತ್ತಲಿಲ್ಲ. ಶಿಯಾವ್ ಅನ್ನುವ ಅಕ್ಷರ ಬರೆದು ತೋರಿಸಿ ಅಂದೆ. ನನಗೆ ಚೀನಿ ಲಿಪಿ ಅಲ್ಪಸ್ವಲ್ಪ ಗೊತ್ತು, ಆದರೆ ಅವರ ಕೈಯಲ್ಲಿ ನೋಡಬೇಕು ಅನ್ನಿಸಿತು. ಅರ್ಜಿಯ ಹಿಂಬದಿಯಲ್ಲೇ ಬರೆದರು. ಆ ಅಕ್ಷರದ ಮೇಲರ್ಧ 'ಮುದಿ' ಅನ್ನುವ ಅಕ್ಷರದ್ದು, ಕೆಳಗೆ ಇರುವುದು 'ಮಗು'. ಮಗು ಎರಡೂ ಕೈ ಚಾಚಿಕೊಂಡು ಮುದಿಜೀವವನ್ನು ಹೊತ್ತ ಹಾಗೆ ಕಾಣುತ್ತದೆ. ಅಕ್ಕ ಪೆನ್ನಿನ ತುದಿಯನ್ನು ಮಗುವಿನ ಮೇಲಿಟ್ಟು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ ಕೇಳಿದರು:

"ಕೆಳಗಿರೋದು ಬಿದ್ದರೆ ಮೇಲಿರೋದೂ ಬೀಳುತ್ತೆ, ಅಲ್ವಾ?"

ನಾನು ಹೌದು ಎನ್ನಲೂ ಇಲ್ಲ, ಅಲ್ಲ ಎನ್ನಲೂ ಇಲ್ಲ. ಕಲ್ಲಂಗಡಿ ಹೊಲದ ಕಥೆ ಗೊತ್ತಾ ಎಂದು ಕೇಳಿದೆ. ಅಕ್ಕ 1980ರ ದಶಕದಲ್ಲಿ ಹೈಸ್ಕೂಲು ಓದಿದವರು. ಆಗ ಇಲ್ಲಿನ ಶಾಲೆಗಳಲ್ಲಿ ಕನ್ಫ್ಯೂಷಿಯಸ್‌ನ ನೀತಿಯನ್ನು ಒಂದು ವಿಷಯವಾಗಿ ಕಲಿಸುತ್ತಿದ್ದರು. ತ್ಸೆಂಗ್‌ತ್ಸಿ ಅನ್ನುವ ಶಿಷ್ಯ ಮಾತೃಪಿತೃ ಭಕ್ತಿಗೆ ಹೆಸರಾದವನು ಅನ್ನುವಷ್ಟು ಅವರಿಗೆ ನೆನಪಿತ್ತು. ಕಥೆ ನೆನಪಿರಲಿಲ್ಲ.

ತ್ಸೆಂಗ್‌ತ್ಸಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗ ಕೈತಪ್ಪಿ ಬಳ್ಳಿಯ ಬೇರು ಕತ್ತರಿಸಿಬಿಟ್ಟ. ಅಪ್ಪನಿಗೆ ಸಿಟ್ಟು ಬಂತು. ದೊಡ್ಡ ಕೋಲು ತೆಗೆದು ಬೆನ್ನಿಗೆ ಬಾರಿಸಿದ. ಮಗ ಪ್ರಜ್ಞೆ ತಪ್ಪಿ ಬಿದ್ದ. ಎಚ್ಚರವಾದ ಮೇಲೆ ನಗುಮುಖದಲ್ಲೇ ಅಪ್ಪನ ಹತ್ತಿರ ಹೋಗಿ, ನನಗೆ ಬುದ್ಧಿ ಕಲಿಸಲು ಅಷ್ಟು ಬಲ ಹಾಕಿದಿರಿ, ನಿಮಗೇನೂ ನೋವಾಗಲಿಲ್ಲ ತಾನೆ ಎಂದು ಕೇಳಿದ. ಅಷ್ಟಕ್ಕೇ ನಿಲ್ಲಲಿಲ್ಲ. ತಾನು ಚೆನ್ನಾಗಿದ್ದೇನೆ ಅಂತ ಅಪ್ಪನಿಗೆ ಗೊತ್ತಾಗಲಿ ಎಂದು ಕೋಣೆಗೆ ಹೋಗಿ ತಂತಿವಾದ್ಯ ನುಡಿಸುತ್ತಾ ಹಾಡಿದ.

ವಿಷಯ ತಿಳಿದ ಕನ್ಫ್ಯೂಷಿಯಸ್ ಅವನನ್ನು ಹೊಗಳಲಿಲ್ಲ. ಅವನು ಬಂದರೆ ಒಳಗೆ ಬಿಡಬೇಡಿ ಎಂದು ಉಳಿದ ಶಿಷ್ಯರಿಗೆ ಹೇಳಿದ. ಯಾಕೆ ಎಂದು ತ್ಸೆಂಗ್‌ತ್ಸಿ ಹೇಳಿ ಕಳಿಸಿದಾಗ ಪುರಾತನ ರಾಜ ಶುನ್‌ನ ಉದಾಹರಣೆ ಕೊಟ್ಟ. ಶುನ್‌ನ ಅಪ್ಪ ಕೆಲಸಕ್ಕೆ ಕರೆದಾಗೆಲ್ಲ ಮಗ ಪಕ್ಕದಲ್ಲೇ ಇರುತ್ತಿದ್ದ, ಕೊಲ್ಲಲು ಹುಡುಕಿದಾಗ ಮಾತ್ರ ಸಿಗುತ್ತಲೇ ಇರಲಿಲ್ಲ. ಸಣ್ಣ ಕೋಲಾದರೆ ಪೆಟ್ಟು ತಿನ್ನು, ದೊಡ್ಡ ಕೋಲಾದರೆ ಓಡು. ನೀನು ಸತ್ತಿದ್ದರೆ ಅಪ್ಪನನ್ನು ಅಧರ್ಮಕ್ಕೆ ತಳ್ಳಿದವನು ನೀನೇ ಆಗುತ್ತಿದ್ದೆ, ಅದಕ್ಕಿಂತ ದೊಡ್ಡ ದ್ರೋಹ ಯಾವುದಿದೆ ಎಂದು ಬೈದ.

"ಗುರು ಒಳಗೇ ಬಿಡಲಿಲ್ವಾ?" ಅಕ್ಕ ಇದನ್ನು ಎರಡು ಸಲ ಕೇಳಿದರು.

ಆಮೇಲೆ ಅವರು ಒಂದು ತಕರಾರು ತೆಗೆದರು. ತಕರಾರು ಸರಿಯಾಗಿಯೇ ಇತ್ತು. "ಶಿಯಾವ್ ಅಂದರೆ ಏನು ಅಂತ ಕೇಳಿದವನಿಗೆ ವು ವೇಯ್, ಮೀರಬೇಡ, ಅಂತ ಕನ್ಫ್ಯೂಷಿಯಸ್ಸೇ ಹೇಳಿದ್ದಾನಲ್ಲ?" ಹೇಳಿದ್ದಾನೆ, ನಿಜ. ಆದರೆ ಅದನ್ನೇ ತನ್ನ ಶಿಷ್ಯನಿಗೆ ಬಿಡಿಸಿ ಹೇಳುವಾಗ, ಇದ್ದಾಗ 'ಲೀ' ಪ್ರಕಾರ ಸೇವೆ, ಸತ್ತಾಗ ಲೀ ಪ್ರಕಾರ ಸಂಸ್ಕಾರ, ಆಮೇಲೆ ಲೀ ಪ್ರಕಾರ ಪೂಜೆ ಅಂದ. ಲೀ ಅಂದರೆ ರೀತಿ, ನಡಾವಳಿ, ಮರ್ಯಾದೆ. ಮೀರಬಾರದ್ದು ಅದನ್ನು. ತಂದೆ ತಾಯಿ ಬಾಯಿಂದ ಬಂದ ಪ್ರತಿ ಮಾತನ್ನೂ ಅಂತಲ್ಲ. ಅವರು ತಪ್ಪಿದರೆ ಮೆಲ್ಲಗೆ ತಿಳಿಹೇಳು, ಕೇಳದಿದ್ದರೂ ಗೌರವ ಬಿಡಬೇಡ ಅಂತಲೂ ಅವನೇ ಹೇಳಿದ್ದು.

ಅಕ್ಕ ಸ್ವಲ್ಪ ಹೊತ್ತು ಯೋಚಿಸಿದರು. ಮುಖದಲ್ಲಿ ಸಣ್ಣಗೆ ನಗು ಬಂತು. "ನಮ್ಮಪ್ಪ ಹೇಳ್ತಿದ್ದ ವು ವೇಯ್ ಬೇರೆ" ಅಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 'ಮೀರಬೇಡ' ಅನ್ನುವ ವು ವೇಯ್ ಕನ್ಫ್ಯೂಷಿಯಸ್‌ನದು. ಚೀನಾದ ಇನ್ನೊಂದು ಹಳೆಯ ವಿಚಾರಧಾರೆಯಾದ ತಾವೋ ಪಂಥದಲ್ಲೂ ಒಂದು ವು ವೇಯ್ ಇದೆ. ಉಚ್ಚಾರ ಒಂದೇ, ಅಕ್ಷರ ಬೇರೆ. ಅದರ ಅರ್ಥ, ಬಲವಂತದಿಂದ ಏನನ್ನೂ ಮಾಡದಿರುವುದು. ಕೈಕಟ್ಟಿ ಕೂರುವುದು ಅಂತ ತುಂಬ ಜನ ತಿಳಿದಿದ್ದಾರೆ, ಅದು ತಪ್ಪು. ಆ ಪಂಥದ ಮೂಲಪುರುಷ ಅನ್ನುವ ಲಾವೋತ್ಸೆಯ ಹೆಸರಿನಲ್ಲಿರುವ 81 ಅಧ್ಯಾಯದ ಪುಟ್ಟ ಗ್ರಂಥದಲ್ಲಿ ಅತ್ಯುತ್ತಮ ಗುಣವನ್ನು ನೀರಿಗೆ ಹೋಲಿಸಿದೆ. ನೀರು ಎಲ್ಲಕ್ಕೂ ಒಳ್ಳೆಯದು ಮಾಡುತ್ತದೆ, ಯಾರ ಜೊತೆಗೂ ಹಟಕ್ಕೆ ಬೀಳುವುದಿಲ್ಲ, ಯಾರಿಗೂ ಬೇಡದ ತಗ್ಗಿನಲ್ಲಿ ನಿಲ್ಲುತ್ತದೆ. ಅಕ್ಕನ ತಂದೆ ಸಿಂಗಪುರ ನದಿಯಲ್ಲಿ ಸರಕಿನ ದೋಣಿ ನಡೆಸುತ್ತಿದ್ದವರು. 1983ರಲ್ಲಿ ಆ ದೋಣಿಗಳನ್ನೆಲ್ಲ ನದಿಯಿಂದ ಪಾಸಿರ್ ಪಂಜಾಂಗ್ ಕಡೆಗೆ ಸಾಗಿಸುವವರೆಗೂ ಅದೇ ಕೆಲಸ. ಓದಿದವರಲ್ಲ. ದೋಣಿ ಅಡ್ಡ ತಿರುಗಿದಾಗ ಹುಟ್ಟು ಹಾಕಿ ಗುದ್ದಾಡಬೇಡ, ನೀರು ಎಲ್ಲಿಗೆ ಒಯ್ಯುತ್ತೆ ನೋಡು ಅನ್ನುತ್ತಿದ್ದರಂತೆ.

"ಐದು ವರ್ಷದಿಂದ ನಾನು ಹುಟ್ಟು ಹಾಕ್ತಾನೇ ಇದ್ದೀನಿ" ಅಂದರು ಅಕ್ಕ. "ನನ್ನ ದೋಣಿಗಲ್ಲ. ತಮ್ಮನ ದೋಣಿಗೆ."

ಅವತ್ತು ನಾನು ಕೊಟ್ಟ ಸಲಹೆ ಇಷ್ಟು. ಸಹಿ ಹಾಕಬೇಡಿ. ಇಲ್ಲ ಅನ್ನುವುದನ್ನು ಫೋನಿನಲ್ಲೋ ಮೆಸೇಜಿನಲ್ಲೋ ಹೇಳಬೇಡಿ, ಅಮ್ಮನ ಎದುರು ಕೂತು, ಟೀ ಬಗ್ಗಿಸಿಕೊಟ್ಟು, ಅವರ ಹೊಕ್ಕಿಯೆನ್ ಭಾಷೆಯಲ್ಲೇ ಹೇಳಿ. ಒಂದೇ ಸಲ ಹೇಳಿ. ಅವರು ಅತ್ತರೆ ವಾದಕ್ಕೆ ಇಳಿಯಬೇಡಿ. ಮರುದಿನ ಬೆಳಗ್ಗಿನ ಇನ್ಸುಲಿನ್, ಗಂಜಿ, ತಿಂಗಳ ಖರ್ಚಿನ ದುಡ್ಡು, ಯಾವುದರಲ್ಲೂ ಕೂದಲಷ್ಟೂ ವ್ಯತ್ಯಾಸ ಆಗಬಾರದು. ತಮ್ಮನಿಗೆ ಸಾಲ ಕೊಟ್ಟವರ ಜೊತೆ ಮಾತಾಡಿಸಿ ಕಂತು ಹಾಕಿಸುವ ಸಂಸ್ಥೆಯ ನಂಬರ್ ಕೊಡಿ, ಫೋನ್ ಅವನೇ ಮಾಡಲಿ.

ಒಂದು ಮಾತಿನಲ್ಲಿ ಮಾತ್ರ ನಾನು ಕನ್ಫ್ಯೂಷಿಯಸ್‌ನ ಜೊತೆ ನಿಲ್ಲಲಿಲ್ಲ. ಹೆತ್ತವರು ಕೇಳದೆ ಹೋದರೂ ದುಡಿ, ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಬೇಡ ಅನ್ನುತ್ತಾನೆ ಅವನು. ಹಲ್ಲು ಸೀಳುವಷ್ಟು ಕಹಿ ಒಳಗಿರುವಾಗ ಇಟ್ಟುಕೊಳ್ಳಬೇಡ ಅಂದರೆ ಆಗುತ್ತದೆಯೇ? ಕಹಿ ಬಂದರೆ ಇಲ್ಲಿಗೆ ತನ್ನಿ ಅಂದೆ.

ನನ್ನ ಸಹೋದ್ಯೋಗಿಯೊಬ್ಬರಿಗೆ ಈ ಸಲಹೆ ಹಿಡಿಸಲಿಲ್ಲ. ಆಕೆ ಬೇರೆ ಮನೆ ಮಾಡಲಿ, ಗೆರೆ ಎಳೆಯಲಿ, ತನ್ನ ಬದುಕು ತಾನು ನೋಡಿಕೊಳ್ಳಲಿ ಅನ್ನುವುದು ಅವರ ವಾದ. ಭಾರತದಿಂದ ಬಂದ ನೀನು ಚೀನಿಯರಿಗೆ ಕನ್ಫ್ಯೂಷಿಯಸ್ ಪಾಠ ಮಾಡುವುದೇ ಎಂದೂ ಕೇಳಿದರು. ಎರಡನೆಯ ಮಾತು ನನ್ನನ್ನು ತಟ್ಟಿತು. ಅದಕ್ಕೇ ಅಕ್ಷರವನ್ನು ಅವರ ಕೈಯಲ್ಲೇ ಬರೆಸಿದ್ದು. ಮೊದಲನೆಯದನ್ನು ಮಾತ್ರ ಇವತ್ತಿಗೂ ಒಪ್ಪುವುದಿಲ್ಲ. ತಾವೋ ಪಂಥದ ಇನ್ನೊಬ್ಬ ದೊಡ್ಡವನು ಚುವಾಂಗ್‌ತ್ಸು. ಅವನ ಹೆಸರಿನ ಗ್ರಂಥದಲ್ಲಿ ಒಂದು ಕಡಲ ಹಕ್ಕಿಯ ಕಥೆ ಇದೆ. ಹಕ್ಕಿ ಲೂ ರಾಜ್ಯಕ್ಕೆ ಬಂದಿಳಿಯಿತು. ದೊರೆಗೆ ಖುಷಿಯೋ ಖುಷಿ. ಗುಡಿಗೆ ಕರೆತಂದು ಮದ್ಯ ಕೊಟ್ಟ, ಸಂಗೀತ ಕೇಳಿಸಿದ, ಹಬ್ಬದ ಮಾಂಸ ಬಡಿಸಿದ. ಹಕ್ಕಿ ಒಂದು ತುಣುಕನ್ನೂ ಮುಟ್ಟದೆ ಮೂರೇ ದಿನದಲ್ಲಿ ಸತ್ತಿತು. ತನಗೆ ಹಿತವಾದದ್ದನ್ನು ಹಕ್ಕಿಗೆ ಉಣಿಸಲು ಹೋಗಿದ್ದ ದೊರೆ. ನಮ್ಮ ಕೆಲಸದಲ್ಲಿ ಇರುವವರು ಈ ಹಕ್ಕಿಯನ್ನು ಮರೆಯಬಾರದು. ತಾಯಿಯನ್ನು ಬಿಟ್ಟು ಬಾ ಎಂದಿದ್ದರೆ ಅಕ್ಕ ಏಳನೆಯ ಭೇಟಿಗೆ ಬರುತ್ತಿರಲಿಲ್ಲ. ಸಾಲಕ್ಕೆ ಸಹಿ ಬಿದ್ದಿರುತ್ತಿತ್ತು.

ನಂಬಿಕೆ ಎಷ್ಟು ಗಟ್ಟಿ ಅನ್ನುವುದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ಟೈಗರ್ ಬಾಮ್ ಎಂಬ ನೋವಿನ ಮುಲಾಮಿನ ಒಡೆಯರಾದ ಸಹೋದರರ ಹಣದಲ್ಲಿ 1937ರಲ್ಲಿ ಆದ ಹಾ ಪಾರ್ ವಿಲ್ಲಾ ಎಂಬ ಉದ್ಯಾನ ಇಲ್ಲಿದೆ. ಸೊಸೆ ತನ್ನ ಮುದಿ ಅತ್ತೆಗೆ ಎದೆಹಾಲು ಕೊಡುತ್ತಿರುವ ಬಣ್ಣದ ಬೊಂಬೆ ಅಲ್ಲಿದೆ. ನರಕದ ಹತ್ತು ನ್ಯಾಯಾಲಯಗಳ ಬೊಂಬೆಗಳೂ ಇವೆ. ಅಕ್ಕ ಏಳು ವರ್ಷದವರಿದ್ದಾಗ ತಾಯಿ ಕೈಹಿಡಿದು ಅಲ್ಲೆಲ್ಲ ಸುತ್ತಿಸಿ, ನೋಡಿಕೋ ಎಂದಿದ್ದರಂತೆ. ಹಾಗೆ ಬೆಳೆದವರಿಗೆ 'ನಿಮ್ಮ ಹಕ್ಕು' ಅಂದರೆ ಕಿವಿಗೇ ಹೋಗುವುದಿಲ್ಲ. ತ್ಸೆಂಗ್‌ತ್ಸಿಯನ್ನು ಅವನ ಗುರುವೇ ಬಾಗಿಲಲ್ಲಿ ತಡೆದ ಅಂದರೆ ಹೋಗುತ್ತದೆ. ಇಲ್ಲಿರುವ ನಮ್ಮ ಕನ್ನಡದವರೂ ಶ್ರವಣಕುಮಾರನ ಹೆಸರು ಹೇಳಿಕೊಂಡು ಇದೇ ಕುರ್ಚಿಯಲ್ಲಿ ಕೂತು ಅತ್ತಿದ್ದಾರೆ. ಅವರಿಗೂ ನಾನು ಅಪ್ಪ ಅಮ್ಮನನ್ನು ಬಿಡಿ ಎಂದಿಲ್ಲ. ಕೈಯಲ್ಲಿರುವುದು ಯಾವ ಕೋಲು ನೋಡಿ ಎಂದಿದ್ದೇನೆ.

ಅಕ್ಕ ಇಲ್ಲ ಅಂದರು. ತಾಯಿ 23 ದಿನ ಮಾತು ಬಿಟ್ಟರು. ಆ ದಿನಗಳಲ್ಲಿ ನನಗೂ ಸರಿಯಾಗಿ ನಿದ್ದೆ ಇರಲಿಲ್ಲ. 80 ವರ್ಷದ ಸಕ್ಕರೆ ಕಾಯಿಲೆಯವರು, ಊಟ ಬಿಟ್ಟು ಏನಾದರೂ ಆದರೆ ಅನ್ನುವ ಹೆದರಿಕೆ. ಅಕ್ಕ ದಿನಾ ಇನ್ಸುಲಿನ್ ಚುಚ್ಚಿದರು, ಗಂಜಿ ಇಟ್ಟರು. ತಾಯಿ ಗೋಡೆ ಕಡೆ ತಿರುಗಿ ತಿಂದರು.

ಏಪ್ರಿಲ್ ಮೊದಲ ವಾರದಲ್ಲಿ ಚಿಂಗ್‌ಮಿಂಗ್ ಬಂತು, ಹಿರಿಯರನ್ನು ನೆನೆಯುವ ಹಬ್ಬ. ಇಬ್ಬರೂ ತಂದೆಯ ಅಸ್ಥಿ ಇಟ್ಟಿರುವ ಗೂಡಿನ ಹತ್ತಿರ ಹೋದರು. ತಾಯಿ ಊದುಬತ್ತಿ ಹಿಡಿದು ಗಂಡನಿಗೆ ಜೋರಾಗಿಯೇ ದೂರು ಹೇಳಿದರಂತೆ: ನಿನ್ನ ಮಗಳು ದುಡ್ಡು ಕೊಡಲ್ಲ ಅಂದಳು, ಎದುರಿಗೇ ಅಂದಳು, ಟೀ ಕೊಟ್ಟು ಅಂದಳು. ಅಕ್ಕ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ತಾಯಿ "ಊಟ ಆಯ್ತಾ?" ಅಂದರು. ಹೊಕ್ಕಿಯೆನ್ ಮನೆಗಳಲ್ಲೂ ನಮ್ಮ ಹಾಗೆಯೇ ಮಾತು ಶುರುವಾಗುವುದು ಊಟದಿಂದ.

ತಮ್ಮ ಇನ್ನೂ ಮನೆಗೆ ಬಂದಿಲ್ಲ. ಭಾನುವಾರದ ಊಟಕ್ಕೆ ತಾಯಿ ಅವನ ಬಟ್ಟಲನ್ನೂ ಇಡುತ್ತಾರೆ. ಅಕ್ಕ ಅದನ್ನು ತೆಗೆಯುವುದಿಲ್ಲ. ಊಟ ಮುಗಿದ ಮೇಲೆ ಉಳಿದ ಪಾತ್ರೆಗಳ ಜೊತೆ ಅದನ್ನೂ ತೊಳೆದು ಇಡುತ್ತಾರೆ.