ಹಳೇ ಟ್ರೈಲರ್‌ನ ಕಪ್ಲರ್ ಯಾವುದೆಂದು ಗುರುತು ಹಿಡಿಯುವುದು ಹೇಗೆ?

ಕಪ್ಲರ್ ಅಂದರೆ ಟ್ರೈಲರ್ ಮೂತಿಯಲ್ಲಿರುವ ಕಪ್ ಆಕಾರದ ಕೊಂಡಿ; ಎಳೆಯುವ ಗಾಡಿಯ ಹಿಂದಿರುವ ಲೋಹದ ಚೆಂಡು, ಅಂದರೆ ಬಾಲ್, ಅದರೊಳಗೆ ಕೂರುತ್ತದೆ. ಕಪ್ಲರ್ ಮೇಲೆ ಹೆಸರಿಲ್ಲ, ಫೋಟೋ ನೋಡಿ ಯಾವ ಕಂಪನಿಯದೆಂದು ಹೇಳಿ ಅಂತ ಕೇಳಿದ್ದೀರಿ. ಕಂಪನಿ ಹೆಸರು ಗೊತ್ತಾದರೂ ನಿಮಗೆ ಉಪಯೋಗವಿಲ್ಲ. ಬೇಕಿರುವುದು ಅಳತೆ.

ನನ್ನ ಕೈಗೂ ಇಂಥದ್ದೇ ಒಂದು ಬಂದಿತ್ತು. ತುಕ್ಕು ಕೆರೆದರೆ ಅಕ್ಷರಗಳೆಲ್ಲ ಸವೆದಿದ್ದವು. ಕಪ್‌ನ ಒಳಗೆ ಟೇಪ್ ಹಿಡಿದೆ, ಹತ್ತಿರ ಹತ್ತಿರ ಎರಡು ಇಂಚು. ಗಾಡಿಯ ಬಾಲ್‌ಗೂ ಟೇಪ್ ಹಿಡಿದೆ, ಹೆಚ್ಚು ಕಡಿಮೆ ಅಷ್ಟೇ ಅನ್ನಿಸಿತು. ಕಪ್ಲರ್ ಇಳಿಸಿದೆ, ಅದನ್ನು ಲಾಕ್ ಮಾಡುವ ಲಿವರ್ ಟಕ್ಕೆಂದು ಕೂತಿತು, ಹೊರಟೆ. ಒಂದು ರೋಡ್ ಹಂಪ್ ಹತ್ತಿಳಿಯುವಾಗ ಕಪ್ಲರ್ ಬಾಲ್ ಬಿಟ್ಟು ಮೇಲೆದ್ದಿತು. ಸೇಫ್ಟಿ ಚೈನ್ ಇದ್ದದ್ದಕ್ಕೆ ಟ್ರೈಲರ್ ಎದುರಿನ ವಾಹನಕ್ಕೆ ನುಗ್ಗಲಿಲ್ಲ. ಗಾಡಿಯ ಹಿಂಭಾಗ ಮಾತ್ರ ನುಜ್ಜುಗುಜ್ಜಾಯಿತು.

ಆಮೇಲೆ ವರ್ನಿಯರ್ (ಸೂಕ್ಷ್ಮ ಅಳತೆಯ ಸಾಧನ) ಹಿಡಿದರೆ ಬಾಲ್ 47.6 ಮಿ.ಮೀ., ಅಂದರೆ 1 7/8 ಇಂಚಿನದು. ಕಪ್ಲರ್ 2 ಇಂಚಿನದು, 50.8 ಮಿ.ಮೀ. ದುಂಡಗಿನ ವಸ್ತುವಿಗೆ ಟೇಪ್ ಹಿಡಿದರೆ ಈ 3 ಮಿ.ಮೀ. ಕಣ್ಣಿಗೆ ಬೀಳುವುದೇ ಇಲ್ಲ. ಕಪ್ಲರ್ ಒಳಗಿನ ನಾಲಿಗೆ ಬಾಲ್‌ನ ಅಗಲವಾದ ಭಾಗದ ಕೆಳಗೆ ಬಿಗಿಯಾಗಿ ಹಿಡಿಯಬೇಕು. ಬಾಲ್ ಚಿಕ್ಕದಾದರೆ ಲಿವರ್ ಇನ್ನೂ ಸಲೀಸಾಗಿ ಮುಚ್ಚುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಲಿವರ್ ಮುಚ್ಚಿತು ಅಂತ ನಂಬಲೇಬೇಡಿ. ಮುಚ್ಚಿದ ಮೇಲೆ ಟ್ರೈಲರ್‌ನ ಮೂತಿಯನ್ನು ಜ್ಯಾಕ್‌ನಿಂದ ಎತ್ತಿ. ಗಾಡಿಯ ಹಿಂಭಾಗವೂ ಜೊತೆಗೇ ಏಳಬೇಕು. 50 ಮಿ.ಮೀ. ಬಾಲನ್ನೂ 2 ಇಂಚಿನದನ್ನೂ ಒಂದೇ ಅನ್ನುವವರಿದ್ದಾರೆ, ಅವೂ ಬೇರೆ ಬೇರೆ.

ಬಾಲ್‌ನ ಚಪ್ಪಟೆ ನೆತ್ತಿಯ ಮೇಲೆ ಸಾಮಾನ್ಯವಾಗಿ ಅಳತೆ ಒತ್ತಿರುತ್ತಾರೆ, ವೈರ್ ಬ್ರಷ್‌ನಿಂದ ಉಜ್ಜಿ ನೋಡಿ. ನಿಮ್ಮ ಟ್ರೈಲರ್ ತುದಿಯಲ್ಲಿ ಕಪ್ ಬದಲು ದಪ್ಪ ಉಂಗುರವಿದ್ದರೆ ಅದರ ಒಳವ್ಯಾಸ ಅಳೆಯಿರಿ. 76 ಮಿ.ಮೀ. ಇದ್ದರೆ ನೇಟೋ ಸೇನೆಗಳ ಮಾದರಿ, ಅದಕ್ಕೆ ಪಿಂಟಲ್ ಹುಕ್, ಅಂದರೆ ಉಂಗುರ ಸಿಕ್ಕಿಸಿ ಮುಚ್ಚುವ ದಪ್ಪ ಕೊಕ್ಕೆ, ಬೇಕು. 40 ಅಥವಾ 50 ಮಿ.ಮೀ. ಬಂದರೆ ಯುರೋಪಿನ ಲಾರಿ ಟ್ರೈಲರ್‌ಗಳದ್ದಿರಬಹುದು, ಅದನ್ನು ಪಿನ್ ಹಾಕಿ ಜೋಡಿಸುತ್ತಾರೆ.

ಎಷ್ಟು ಭಾರ ಎಳೆಯಬಹುದೆಂಬ ಗುರುತು ಅಳಿಸಿಹೋಗಿದ್ದರೆ ಪತ್ತೇದಾರಿಕೆ ಸಾಕು ಮಾಡಿ. ಆ ಕಪ್ಲರ್ ಬಿಚ್ಚಿಟ್ಟು, ಭಾರದ ಅಂಕಿ ಸ್ಪಷ್ಟವಾಗಿರುವ ಹೊಸದನ್ನು ಹಾಕಿಸಿ, ಅದೇ ಅಳತೆಯ ಬಾಲನ್ನೂ ಜೊತೆಗೇ ಕೊಳ್ಳಿ.