ಕನ್ನಡದ ಹುಡುಗನಿಗೆ ಕನ್ನಡಕ್ಕೇ ಟ್ಯೂಷನ್ ಯಾಕೆ?

ಅಕ್ಕಾ, ಮಂತ್ರಾಲಯಕ್ಕೆ ಹೋಗುವಾಗ ರಾಯಚೂರಿನ ನಮ್ಮ ಮನೆಯಲ್ಲಿ ಒಂದು ರಾತ್ರಿ ಉಳಿದಿದ್ರಲ್ಲ, ಅವತ್ತು ನೀವು ಕೇಳಿದ ಪ್ರಶ್ನೆಗೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಹಂಚು ಕಾದಿತ್ತು, ಕೈಯೆಲ್ಲ ಜೋಳದ ಹಿಟ್ಟಾಗಿತ್ತು. ಸುಮ್ನೆ ನಕ್ಕುಬಿಟ್ಟೆ. ನನ್ನ ಮಗನ ಬಗ್ಗೆ ನೀವು ಕೇಳಿದ್ದು ಇಷ್ಟೇ: "ಗಣಿತಕ್ಕೆ ಟ್ಯೂಷನ್ ಅಂದ್ರೆ ಸರಿ. ಕನ್ನಡಕ್ಕೂ ಟ್ಯೂಷನ್ನಾ? ಓ, ನಿಮ್ಮನೇಲಿ ತೆಲುಗು ಅಲ್ವಾ?"

ಆಮೇಲೆ ನೀವು ತಂದ ಮೈಸೂರು ಪಾಕನ್ನು ಹುಡುಗನ ಮುಂದೆ ಹಿಡಿದಿರಿ. ಅವನು "ಒಲ್ಲೆ ದೊಡ್ಡಮ್ಮ" ಅಂದ. ನಿಮ್ಮ ಮುಖ ಸ್ವಲ್ಪ ಚಿಕ್ಕದಾಯಿತು. "ಹಿಂಗೆ ಮುಖಕ್ಕೆ ಹೊಡೆದಂಗೆ ಹೇಳ್ತಾನಲ್ಲ" ಅಂದಿರಿ. ಎರಡೂ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿವೆ. ನೀವು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಗೊತ್ತು. ಅದಕ್ಕೇ ಈಗ ಬಿಡಿಸಿ ಹೇಳುತ್ತೇನೆ.

ಮೊದಲು ತೆಲುಗಿನ ವಿಷಯ. ನಮ್ಮದು ಕನ್ನಡದ ಮನೆ. ಅತ್ತೆ ಮಾತ್ರ ಗದ್ವಾಲ್ ಕಡೆಯವರು. ಅವರು ಮೊಮ್ಮಗನಿಗೆ ತೆಲುಗಿನಲ್ಲಿ ಕೇಳುತ್ತಾರೆ, ಅವನು ಕನ್ನಡದಲ್ಲಿ ಹೇಳುತ್ತಾನೆ. ಹದಿನಾರು ವರ್ಷದಿಂದ ಹೀಗೇ ನಡೆದಿದೆ. ಒಂದು ದಿನವೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಹೋಗಿಲ್ಲ. ಇಲ್ಲಿಂದ ಕೃಷ್ಣಾ ದಾಟಿದರೆ ತೆಲಂಗಾಣ. ತುಂಗಭದ್ರೆ ದಾಟಿದರೆ ಆಂಧ್ರ. ಹೆಣ್ಣು ಕೊಡುವುದು, ತರುವುದು, ಎತ್ತು ಮಾರುವುದು, ಆಸ್ಪತ್ರೆಗೆ ಹೋಗುವುದು, ಎಲ್ಲ ಎರಡೂ ದಡಕ್ಕೆ ಹರಡಿಕೊಂಡಿದೆ. ಮಾರ್ಕೆಟ್‌ನಲ್ಲಿ ಸೌತೆಕಾಯಿ ಕೊಳ್ಳುವಾಗ ಉರ್ದು, ಅದನ್ನು ತೂಗುವಾಗ ತೆಲುಗು, ದುಡ್ಡು ಎಣಿಸುವಾಗ ಕನ್ನಡ. ಇದನ್ನು ನಾವು ಯಾರೂ ಮೂರು ಭಾಷೆ ಕಲಿಯುವುದು ಅಂದುಕೊಂಡಿಲ್ಲ. ಮಾತು ಅಂದರೆ ನಮಗೆ ಇದೇ.

ಆದರೆ ಇದರಿಂದ ನಮ್ಮ ಕನ್ನಡ ಕಡಿಮೆಯಾಯಿತು ಅಂದರೆ ನಾನು ಒಪ್ಪುವುದಿಲ್ಲ. ಎರಡು ಹೊಳೆಗಳ ನಡುವಿನ ಈ ನೆಲಕ್ಕೆ ಹಳೆಯ ಕಾಲದಿಂದ ಎಡೆದೊರೆ ನಾಡು ಅಂತ ಕನ್ನಡದ್ದೇ ಹೆಸರಿದೆ. ನೀವು ರಾಯರ ಮಠದಲ್ಲಿ ದಾಸರ ಪದ ಕೇಳಿ ಕಣ್ಣು ಒರೆಸಿಕೊಂಡಿರಿ ಅಂತ ಫೋನಿನಲ್ಲಿ ಹೇಳಿದಿರಲ್ಲ. ಮಠ ಇರುವುದು ಆಂಧ್ರದಲ್ಲಿ, ನೀವು ಕೇಳಿದ್ದು ಕನ್ನಡ. ವಿಜಯದಾಸರು ಹುಟ್ಟಿದ್ದು ನಮ್ಮ ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ. ದೇಹ ಬಿಟ್ಟ ಚಿಪ್ಪಗಿರಿ ಈಗ ಆಂಧ್ರಕ್ಕೆ ಸೇರಿದೆ. ಗೋಪಾಲದಾಸರು ದೇವದುರ್ಗದ ಕಡೆಯ ಮೊಸರಕಲ್ಲಿನವರು, ಆಮೇಲೆ ನೆಲೆಸಿದ ಉತ್ತನೂರು ಈಗ ತೆಲಂಗಾಣದಲ್ಲಿದೆ. ಜಗನ್ನಾಥದಾಸರಂತೂ ಮಾನ್ವಿಯವರೇ. ಅವರು ಹಾಡುವಾಗ ಈ ಗೆರೆಗಳು ಇರಲಿಲ್ಲ. ಗೆರೆ ಬಂದ ಮೇಲೆ, ಗೆರೆಯ ಪಕ್ಕದಲ್ಲಿರುವವರು ನಾವು ಕನ್ನಡದವರು ಅಂತ ದಿನಾ ಹೇಳಿಕೊಳ್ಳಬೇಕಾಗಿದೆ.

ಈಗ ಟ್ಯೂಷನ್ ಮಾತು. ಹತ್ತನೇ ತರಗತಿ ಮಗು ಮನೆಯಲ್ಲಿದ್ದರೆ ಏನೇನು ಇರುತ್ತದೆ ಅಂತ ನಿಮಗೂ ಗೊತ್ತು. ಐದಕ್ಕೆ ಎಬ್ಬಿಸುವುದು, ಟಿವಿ ಬಂದ್, ಮೊಬೈಲ್ ಬೀರುವಿನಲ್ಲಿ, ಪೂರ್ವಸಿದ್ಧತಾ ಪರೀಕ್ಷೆ, ವಿಜ್ಞಾನದ ಚಿತ್ರಗಳು. ಅದೆಲ್ಲ ನಿಮ್ಮಲ್ಲೂ ಒಂದೇ, ನಮ್ಮಲ್ಲೂ ಒಂದೇ. ಬಿಸಿಲು ಮಾತ್ರ ನಮ್ಮಲ್ಲಿ ಜಾಸ್ತಿ. ಶಿವರಾತ್ರಿ ಆದ ಮೇಲೆ ಹಗಲು ಒಳಗೆ ಕೂತು ಓದಲು ಆಗುವುದಿಲ್ಲ. ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿ, ದೀಪ ಎಳೆದುಕೊಂಡು ಓದುತ್ತಾನೆ. ಗಣಿತವನ್ನು ಅವನೇ ನೋಡಿಕೊಳ್ಳುತ್ತಾನೆ. ಇಂಗ್ಲಿಷಿಗೂ ಅಷ್ಟು ಭಯವಿಲ್ಲ, ಯಾಕೆಂದರೆ ಅದು ನಮ್ಮದಲ್ಲ ಅಂತ ಮೊದಲಿಂದ ಗೊತ್ತು, ಕಲಿತುಕೊಂಡ.

ಒದ್ದಾಟ ಇರುವುದು ಕನ್ನಡದಲ್ಲಿ. ಅದು ನಮ್ಮದು ಅಂದುಕೊಂಡು ಪರೀಕ್ಷೆಗೆ ಕೂತರೆ, ನಿಮ್ಮದು ತಪ್ಪು ಅನ್ನುತ್ತದೆ.

ನಾವು ಮನೆ ಅನ್ನುವುದಿಲ್ಲ, ಮನಿ ಅನ್ನುತ್ತೇವೆ. ಶಾಲೆ ಅಲ್ಲ, ಸಾಲಿ. ಬೇಸಿಗೆ ಅಲ್ಲ, ಬ್ಯಾಸಗಿ. ಬರುತ್ತಿದ್ದಾನೆ ಅಲ್ಲ, ಬರಾಕತ್ತಾನ. ಆಸ್ಪತ್ರೆಗೆ ದವಾಖಾನಿ ಅನ್ನುತ್ತೇವೆ, ಬೇಗ ಅನ್ನಲು ಜಲ್ದಿ. ಹುಡುಗ ಕೇಳುವುದು ಹೀಗೆ, ಮಾತಾಡುವುದು ಹೀಗೆ, ಯೋಚನೆ ಮಾಡುವುದೂ ಹೀಗೇ. ಪ್ರಥಮ ಭಾಷೆಯ ಪತ್ರಿಕೆ ನೂರು ಅಂಕದ್ದು. ಅದರಲ್ಲಿ ಪತ್ರಲೇಖನ, ಪ್ರಬಂಧ, ಗಾದೆ ಬಂದಾಗ ಸ್ವಂತವಾಗಿ ಬರೆಯಬೇಕು. ಬಾಯಿಪಾಠ ಮಾಡಿದ ಉತ್ತರದಲ್ಲಿ ತಪ್ಪಿಲ್ಲ. ಸ್ವಂತ ಬರೆದ ಕೂಡಲೇ ಪುಟವೆಲ್ಲ ಕೆಂಪು.

ಹೋದ ವರ್ಷ ಒಂಬತ್ತನೇ ತರಗತಿಯಲ್ಲಿ ಅವನು ಊರಿನ ಸಮಸ್ಯೆ ಬಗ್ಗೆ ಪತ್ರ ಬರೆದಿದ್ದ. "ನಮ್ಮ ಊರಿನ ದವಾಖಾನಿಗೆ ಡಾಕ್ಟರ್ ವಾರಕ್ಕೆ ಒಂದೇ ದಿನ ಬರುತ್ತಾರ. ಬಾಣಂತಿಯರನ್ನ ಒಯ್ಯಾಕ ಗಾಡಿ ಇಲ್ಲ." ಎಂಥಾ ಸ್ಪಷ್ಟವಾದ ಪತ್ರ ಅಕ್ಕಾ! ಓದಿದರೆ ಅಧಿಕಾರಿ ಎದ್ದು ಬರಬೇಕು. ನಾಲ್ಕು ಕಡೆ ಗೆರೆ ಎಳೆದು ಅರ್ಧ ಅಂಕ ಕೊಟ್ಟಿದ್ದರು. ಅವನು ಮನೆಗೆ ಬಂದು ಕೇಳಿದ: "ಅವ್ವಾ, ನಾ ಬರದದ್ದು ತಿಳದಿಲ್ಲೇನು ಅವರಿಗೆ?" ತಿಳಿದಿದೆ ಅಂದೆ. "ಮತ್ಯಾಕ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವತ್ತೇ ಒಂದು ನೋಟ್‌ಬುಕ್ ಮಾಡಿದೆ. ಎಡಕ್ಕೆ ಮನಿ ಮಾತು, ಬಲಕ್ಕೆ ಪುಸ್ತಕದ ಮಾತು. ಹೊಲಿಗೆ ಮಿಷನ್ ಪಕ್ಕದಲ್ಲೇ ಇಟ್ಟುಕೊಂಡೆ. ಅವನು ಏನಾದರೂ ಅಂದ ಕೂಡಲೇ ಬರೆಯುವುದು. ಒಂದು ತಿಂಗಳಿಗೆ ಮುನ್ನೂರು ಪದ ಆದವು. ಸರಿಹೋಯಿತು ಅಂದುಕೊಂಡೆ. ಹೊಸ ತೊಂದರೆ ಶುರುವಾಯಿತು. ಕೊನೆಯಲ್ಲಿ ಇ ಬಂದರೆ ತಪ್ಪು, ಎ ಮಾಡಬೇಕು ಅಂತ ಅವನ ತಲೆಯಲ್ಲಿ ಕೂತುಬಿಟ್ಟಿತು. ರೊಟ್ಟಿಯನ್ನು ರೊಟ್ಟೆ ಅಂತ ಬರೆದ. ಹಳ್ಳಿ ಹಳ್ಳೆ ಆಯಿತು. ನದಿ ನದೆ ಆಯಿತು. ಮಹಾಪ್ರಾಣದ್ದೂ ಇದೇ ಕತೆ. ನಮ್ಮ ಬಾಯಲ್ಲಿ ಅದು ಇಲ್ಲ. ಮೊದಲು ಬಾರತ ಅಂತ ಬರೆಯುತ್ತಿದ್ದ. ತಿದ್ದಿ ತಿದ್ದಿ ಹೇಳಿದ ಮೇಲೆ ಬಾಗಿಲನ್ನೂ ಭಾಗಿಲು ಮಾಡಿದ, ದಾರಿಯನ್ನೂ ಧಾರಿ ಮಾಡಿದ. ಪಕ್ಕದ ತೆಲುಗು ಬೋರ್ಡ್‌ಗಳನ್ನು ತಾನೇ ಓದಲು ಕಲಿತಿದ್ದನಲ್ಲ, ಅವಸರದಲ್ಲಿ ಬರೆಯುವಾಗ ತಲಕಟ್ಟನ್ನೂ ತೆಲುಗಿನ ಹಾಗೆ ಟಿಕ್ ಮಾರ್ಕ್ ಮಾಡಿಬಿಡುತ್ತಿದ್ದ.

ಆಗ ಹೆದರಿದೆ ಅಕ್ಕಾ. ಮೊದಲು ಹುಡುಗ ಧೈರ್ಯವಾಗಿ ತಪ್ಪು ಬರೆಯುತ್ತಿದ್ದ. ಈಗ ಪೆನ್ನು ಎತ್ತಿ ಪ್ರತಿ ಪದಕ್ಕೂ ನಿಲ್ಲುತ್ತಿದ್ದ. ಮೂರು ಗಂಟೆಯ ಪತ್ರಿಕೆ. ಹೀಗೆ ನಿಂತರೆ ಮುಗಿಯುವುದು ಹೇಗೆ? ಒಂದು ದಿನ ಪ್ರಬಂಧ ಬರೆಯಲು ಕೂರಿಸಿದೆ, ಅರ್ಧ ಗಂಟೆಗೆ ಐದು ಸಾಲು. "ನನಗ ಕನ್ನಡ ಬರಂಗಿಲ್ಲವ್ವ" ಅಂದುಬಿಟ್ಟ. ಹುಟ್ಟಿದಾಗಿನಿಂದ ಅದೊಂದೇ ಭಾಷೆಯಲ್ಲಿ ಅತ್ತು ನಕ್ಕ ಹುಡುಗನ ಬಾಯಿಂದ ಈ ಮಾತು ಬಂತು.

ಅದಕ್ಕೇ ಟ್ಯೂಷನ್. ನಮ್ಮ ಓಣಿಯಲ್ಲಿ ನಿವೃತ್ತರಾದ ಕನ್ನಡ ಮಾಸ್ತರರು ಇದ್ದಾರೆ. ಅವರು ನೋಟ್‌ಬುಕ್ ನೋಡಿ ಮೊದಲು ಮಾಡಿದ ಕೆಲಸ ಏನು ಗೊತ್ತಾ? ಎಡಗಡೆ ಮೇಲೆ ನಾನು 'ತಪ್ಪು' ಅಂತ ಬರೆದಿದ್ದೆ. ಅದನ್ನು ಹೊಡೆದು ಹಾಕಿದರು. "ಇದು ತಪ್ಪಲ್ಲಮ್ಮ, ಇದು ಮನೆಯದು. ಅದು ಪರೀಕ್ಷೆಯದು. ಮದುವೆಗೆ ಹೋಗುವಾಗ ಬೇರೆ ಅಂಗಿ ಹಾಕ್ತೀವಿ, ಅಷ್ಟೇ" ಅಂದರು. ಆಮೇಲೆ ಹುಡುಗನಿಗೆ ಹೇಳಿದರು: ಮೊದಲು ನಿನ್ನ ಮಾತಿನಲ್ಲೇ ಪೂರ್ತಿ ಬರಿ, ನಿಲ್ಲಬೇಡ. ಆಮೇಲೆ ಕೊನೆಯ ಹತ್ತು ನಿಮಿಷದಲ್ಲಿ ಕ್ರಿಯಾಪದಗಳ ಬಾಲ ಮಾತ್ರ ನೋಡು. ಈಗ ಹಾಗೇ ಮಾಡುತ್ತಿದ್ದಾನೆ. ಬರೆಯುವುದು ಮತ್ತೆ ಓಡುತ್ತಿದೆ.

ಇನ್ನೊಂದು ದಿನ ಮಾಸ್ತರರು ಹಳಗನ್ನಡ ಓದಿಸುತ್ತಿದ್ದರು. ಸಾಮಾನ್ಯವಾಗಿ ಎಲ್ಲ ಮಕ್ಕಳೂ ಅಳುವುದು ಅಲ್ಲೇ. ಒಲ್ಲೆಂ ಅಂತ ಬಂತು. ಉಣ್ ಅಂತ ಬಂತು. ಉಯ್ ಅಂತ ಬಂತು. ನಮ್ಮ ಹುಡುಗ ಅರ್ಥದ ಪುಟ ನೋಡಲೇ ಇಲ್ಲ. ಒಲ್ಲೆ, ಉಣ್ಣು, ಒಯ್ಯಿ, ದಿನಾ ನಮ್ಮ ಅಡುಗೆಮನೆಯಲ್ಲಿ ಓಡಾಡುವ ಪದಗಳು! ಬೆಂಗಳೂರಿನಲ್ಲಿ ಓದುವ ನಮ್ಮ ಅಣ್ಣನ ಮಗಳು ರಜೆಗೆ ಬಂದಿದ್ದಳು, ಅವಳಿಗೆ ಇವನೇ ಹೇಳಿಕೊಟ್ಟ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವನ ಬೆನ್ನು ನೆಟ್ಟಗಿತ್ತು.

ನಿಮಗೆ ಮುಖಕ್ಕೆ ಹೊಡೆದಂಗೆ ಕೇಳಿಸಿದ್ದು ಇದೇ ಒಲ್ಲೆ. ಅದು ಒರಟು ಮಾತಲ್ಲ. ವಚನಕಾರರು ದೇವರಿಗೇ ಒಲ್ಲೆ ಅಂದಿದ್ದಾರೆ. ನಿಮ್ಮ ಕಡೆ ಅದು ಬಳಕೆ ತಪ್ಪಿಹೋಯಿತು, ನಮ್ಮ ಕಡೆ ಉಳಿಯಿತು. ಮತ್ತೆ, ನಮ್ಮಲ್ಲಿ ಮೊದಲನೇ ಒಲ್ಲೆಗೆ ಯಾರೂ ಕೈ ಹಿಂದೆ ತೆಗೆಯುವುದಿಲ್ಲ. ನೀವು ಇನ್ನೊಮ್ಮೆ ಕೊಟ್ಟಿದ್ದರೆ ತಿನ್ನುತ್ತಿದ್ದ. ನೀವು ಡಬ್ಬಿ ಮುಚ್ಚಿದಾಗ ಅವನೂ ಸ್ವಲ್ಪ ಬೇಜಾರಾದ.

ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಎಲ್ಲಿದೆ ಅಂತ ನಾಲ್ಕು ಊರು ಹೇಳಿದ್ದಾರಂತೆ, ಅದರಲ್ಲಿ ನಮ್ಮ ಪಕ್ಕದ ಕೊಪ್ಪಳವೂ ಒಂದು. ಮಾಸ್ತರರು ಇದನ್ನು ಎಲ್ಲ ಮಕ್ಕಳಿಗೂ ಹೇಳುತ್ತಾರೆ. ಆ ಕೊಪ್ಪಳದ ಮಕ್ಕಳೂ ಈಗ ಮನಿ ಅಂತ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ಹೋಗುವಾಗ ಬಾಗಿಲಲ್ಲಿ ನೀವು ಇನ್ನೊಂದು ಮಾತು ಹೇಳಿದಿರಿ: "ನಿಮಗೇನು ಬಿಡಿ, 371ಜೆ ಇದೆ, ಸೀಟು ಸಿಗುತ್ತೆ." ಹೌದು, ಇದೆ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ ಅದು, 2013ರಲ್ಲಿ ಜಾರಿಗೆ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ ನಮ್ಮ ಮಕ್ಕಳಿಗೆ ಶೇ 70 ಸೀಟು, ಬೇರೆ ಕಡೆ ಶೇ 8. ಅದಕ್ಕೆ ಎಷ್ಟು ವರ್ಷ ಹೋರಾಡಿದರು ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ಆದರೆ ಸೀಟಿನ ಹತ್ತಿರ ಹೋಗಲು ಮೊದಲು ಹತ್ತನೆಯದು ಪಾಸಾಗಬೇಕಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪಟ್ಟಿಯ ಕೊನೆಯಲ್ಲಿ ಇದ್ದದ್ದು ಯಾದಗಿರಿ. 2025ರಲ್ಲಿ ಕಲಬುರಗಿ, ಶೇ 42.43. ಅದೇ ವರ್ಷ ದಕ್ಷಿಣ ಕನ್ನಡ ಶೇ 91.12. ಪ್ರತಿ ಸಲ ಫಲಿತಾಂಶ ಬಂದಾಗ ಟಿವಿಯವರು ನಮ್ಮ ಭಾಗದ ಹೆಸರನ್ನು ಕೆಳಗಿನಿಂದ ಓದುತ್ತಾರೆ. ಹತ್ತಿ ಬಿಡಿಸುವ ದಿನಗಳಲ್ಲಿ ಎಷ್ಟು ಮಕ್ಕಳು ಶಾಲೆಯಲ್ಲಿ ಇರುತ್ತಾರೆ ಅಂತ ಯಾರೂ ಓದುವುದಿಲ್ಲ. ನಮ್ಮ ಹುಡುಗನ ಪಕ್ಕದಲ್ಲಿ ಕೂರುತ್ತಿದ್ದವನು ದಸರಾ ರಜೆಗೆ ಅಂತ ಹೊಲಕ್ಕೆ ಹೋದ, ಸಂಕ್ರಾಂತಿಗೆ ಬಂದ. ಅವನಿಗೂ ಸಂಜೆ ಇವನೇ ನೋಟ್ಸ್ ಓದಿ ಹೇಳುತ್ತಾನೆ.

ಇನ್ನೊಂದು ನೆನಪಿಡಿ. 1956ರ ನವೆಂಬರ್ 1ರವರೆಗೂ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮರ ಕಾಲದಲ್ಲಿ ನಮ್ಮ ಮುತ್ಯಾ, ಅಂದರೆ ಅಜ್ಜ, ಶಾಲೆಯಲ್ಲಿ ಓದಿದ್ದು ಉರ್ದು. ನಮ್ಮ ಹೊಲದ ಹಳೆಯ ಕಾಗದಗಳೂ ಉರ್ದುವಿನಲ್ಲೇ ಇವೆ, ಮನೆಯಲ್ಲಿ ಈಗ ಓದುವವರಿಲ್ಲ. ಶಾಲೆಯಲ್ಲಿ ಕನ್ನಡ ಓದಿದವರಲ್ಲಿ ನಮ್ಮ ಅಪ್ಪನೇ ಮೊದಲು. ನಾನು ಎರಡನೆಯವಳು. ಈ ಹುಡುಗ ಮೂರನೇ ತಲೆಮಾರು. ನಿಮ್ಮ ಮನೆಯಲ್ಲಿ ಅಜ್ಜಿಯೇ ಕನ್ನಡ ಪುಸ್ತಕ ಓದುತ್ತಿದ್ದರು ಅಂತ ನೀವೇ ಹೇಳಿದ್ದೀರಿ. ನಮ್ಮ ಅಜ್ಜಿ ಬೀಸುವ ಪದ ನೂರು ಹೇಳುತ್ತಿದ್ದಳು, ಒಂದಕ್ಷರ ಬರೆಯುತ್ತಿರಲಿಲ್ಲ. ಅವಳ ಪದಗಳಲ್ಲೂ ಎಲ್ಲ ಮನಿಯೇ, ಮನೆ ಒಂದೂ ಇಲ್ಲ.

ಪರೀಕ್ಷೆಗೆ ಇನ್ನು ಐದು ವಾರ ಇದೆ. ಮತ್ತೆ ಬರೆಯಲು ಅವಕಾಶ ಇದೆಯಲ್ಲ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಮೊದಲನೆಯದರಲ್ಲೇ ಆಗಲಿ ಅಂತ ನನ್ನ ಆಸೆ. ಎರಡನೇ ಸಲ ಅಂದರೆ ಅವನು ಮತ್ತೆ ಪದಪದಕ್ಕೂ ನಿಲ್ಲುತ್ತಾನೆ.

ನಿಮ್ಮ ನಾದಿನಿ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಅಲ್ವಾ? ಮೌಲ್ಯಮಾಪನಕ್ಕೂ ಹೋಗುತ್ತಾರೆ ಅಂದಿದ್ದಿರಿ. ಉತ್ತರ ಪತ್ರಿಕೆಗಳು ಬೇರೆ ಜಿಲ್ಲೆಗೆ ಹೋಗುತ್ತವೆ. ನಮ್ಮ ಕಡೆಯ ಯಾವುದೋ ಮಗುವಿನ ಕಟ್ಟು ಅವರ ಮೇಜಿಗೂ ಬರಬಹುದು. ಅಂಕ ಹೆಚ್ಚು ಹಾಕಿ ಅಂತ ನಾನು ಕೇಳುತ್ತಿಲ್ಲ. ದವಾಖಾನಿ ಅಂದರೆ ಆಸ್ಪತ್ರೆ, ಬ್ಯಾಸಗಿ ಅಂದರೆ ಬೇಸಿಗೆ, ಬರಾಕತ್ತಾನ ಅಂದರೆ ಬರುತ್ತಿದ್ದಾನೆ. ಇಷ್ಟನ್ನು ಅವರಿಗೆ ಒಂದು ಚೀಟಿಯಲ್ಲಿ ಬರೆದು ಕೊಡಿ. ಪೂರ್ತಿ ಬೇಕು ಅಂದರೆ ನೋಟ್‌ಬುಕ್ ಫೋಟೊ ತೆಗೆದು ಕಳಿಸುತ್ತೇನೆ, ಈಗ ನಾನೂರು ಪದ ದಾಟಿದೆ.